ಬಾಗಿಲು ತೆಗೆಯುವವನು

ನಾವು ಹಾಕಿದ ಶಾಪ ಫಲಿಸಿದ್ದರೆ
ಹೇರಾನ್ ಹತ್ತನೇ ಕಂತಿಗೇ ಬೂದಿಯಾಗಿರುತ್ತಿದ್ದಳು.
ಮಲ್‌ಸುನ್ ಅಂತೂ ಟೀವಿಗೇ ಕಿತ್ತಳೆ ಸಿಪ್ಪೆ ಎಸೆಯುತ್ತಾಳೆ:
"ಉಪ್ಪು ತಿಂದವಳು ನೀರು ಕುಡೀಲೇಬೇಕು ಕಣೇ, ನೋಡ್ತಿರು!"
ಹೇರಾನ್ ಕುಡಿಯುವುದು ಕೆಂಪು ವೈನು,
ಅದೂ ಬೇರೆಯವರ ಮಗು ಕದ್ದ ರಾತ್ರಿ.

ತೊಂಗ್ಯಾಂಗಿನ ಚಳಿಗಾಲ. ರಾತ್ರಿ ಎಂಟೂವರೆ.
ಬೆಳಗಿನ ನಾಲ್ಕರಿಂದ ಸಿಂಪಿ ಬಿಡಿಸಿ ಬಂದ ನಾಲ್ವರು
ಒಕ್‌ಬುನಳ ಮನೆಯ ಬಿಸಿ ನೆಲಕ್ಕೆ ಸೊಂಟ ಒಪ್ಪಿಸಿ
ಕೋಟ್ಯಧೀಶರ ಸಂಕಟ ನೋಡುತ್ತೇವೆ.
ಎಷ್ಟು ತೊಳೆದರೂ ಕೈಯಲ್ಲಿ ಕಡಲ ವಾಸನೆ.
ಅವರಿಗೇನು, ಗಾಜಿನಾಚೆ ಇದ್ದಾರೆ.

ನನಗೆ ಬೇಕಾದವನು ಬೇರೆ.
ಅಧ್ಯಕ್ಷ ಗೂ ಅವರ ಕಪ್ಪು ಕಾರಿನ ಬಾಗಿಲು ತೆಗೆಯುವವನು.
ಹೆಸರಿಲ್ಲ. ಎಪ್ಪತ್ತು ಕಂತಿಗೆ ಮೂರೇ ಮಾತು:
"ಬನ್ನಿ ಸಾರ್" ಎರಡು ಸಲ,
"ಮಳೆ ಬರ್ತಿದೆ ಸಾರ್" ಒಂದು ಸಲ.
ಅವತ್ತು ಮಳೆಯೇ ಇರಲಿಲ್ಲ, ಪೈಪಿನ ನೀರು;
ಹಿಂದಿನ ಗೋಡೆ ಒಣಗಿದ್ದು ನಾನೇ ಕಂಡಿದ್ದೇನೆ.
ಆದರೂ ಅವನು ಕೊಡೆ ಹಿಡಿದ ರೀತಿ!
ತನ್ನ ಬಲಭುಜವನ್ನು ಪೂರ್ತಿ ನೆನೆಯಲು ಬಿಟ್ಟು.
ಹಾಗೆ ಹಿಡಿ ಅಂತ ಯಾರೂ ಹೇಳಿಕೊಟ್ಟಿರಲಾರರು.

ಎಪ್ಪತ್ತೊಂದನೇ ಕಂತು. ನಾಯಕಿಗೆ ನೆನಪು ಹೋಯಿತು.
ದೊಕ್‌ಜಾ ಅತ್ತಳು. ಅವಳು ಜಾಹೀರಾತಿಗೂ ಅಳುತ್ತಾಳೆ.
"ಡ್ರೈವರ್ ಎಲ್ಲಿ?" ಅಂದೆ.
"ಯಾವ ಡ್ರೈವರ್?"
ಕಾರು ಅದೇ. ತೆಗೆದವನು ಬೇರೆ.
ಯಾರೋ ಚಿಗುರು ಮೀಸೆಯ ಹುಡುಗ,
ಕಾರಿನ ಬಾಗಿಲನ್ನು ಫ್ರಿಜ್ಜಿನ ಬಾಗಿಲಿನಂತೆ ತೆಗೆದ.

ಎಪ್ಪತ್ತೆರಡು, ಇಲ್ಲ. ಎಪ್ಪತ್ತಮೂರು, ಇಲ್ಲ.
ತಾಯಿಯ ಕಿಡ್ನಿ ಮಗಳಿಗೆ ಹೊಂದಿತು,
ಹೊಂದಿದ ಮೇಲೆ ಅವಳು ಮಗಳೇ ಅಲ್ಲವೆಂದಾಯಿತು,
ಸತ್ತವನು ಎದ್ದು ಬಂದ, ಬಂದವನು ಅವನ ಅವಳಿ.
ಇಷ್ಟೆಲ್ಲ ಬರೆದ ಕೈಗೆ
"ಡ್ರೈವರಿಗೆ ಬೆನ್ನುನೋವು, ಊರಿಗೆ ಹೋದ" ಎಂಬ
ಒಂದು ಸಾಲು ಭಾರವಾಯಿತೇ?
ಅಡುಗೆಯವಳ ಬಾಯಲ್ಲಿ ಹಾಕಿದ್ದರೂ ಸಾಕಿತ್ತು,
ಸಾರು ಬಡಿಸುತ್ತ ಹೇಳಿಬಿಡುತ್ತಿದ್ದಳು.

"ಅರವತ್ತೆಂಟಕ್ಕೆ ನಿನಗೆ ಪ್ರೀತಿ ಹುಟ್ಟಿತಲ್ಲೇ!"
ದೊಕ್‌ಜಾ ಅಳು ಮರೆತು ನಕ್ಕಳು.
"ಸಂಬಳ ಜಾಸ್ತಿ ಕೇಳಿರಬೇಕು,"
ಅಂದಳು ಮಲ್‌ಸುನ್. ಅವಳು ನಗಲಿಲ್ಲ.

ಹೋದ ವರ್ಷ ನಮ್ಮ ಶೆಡ್ಡಿನಲ್ಲಿ
ಏಳನೇ ಜಾಗದ ಹೆಂಗಸು ಒಂದು ದಿನ ಬರಲಿಲ್ಲ.
ಹತ್ತು ಗಂಟೆಗೆಲ್ಲ ಎಂಟನೆಯವಳು ಸರಿದು ಕೂತಿದ್ದಳು,
ಬಕೆಟ್ಟಿಗೆ ಬೇರೆ ನಂಬರು ಬಂದಿತ್ತು.
ಕಿಲೋ ಲೆಕ್ಕದ ಕೂಲಿ; ಕತ್ತು ಎತ್ತಿದರೆ ನಷ್ಟ.
ನಾನೂ ಕೇಳಲಿಲ್ಲ.

ಕೊನೆಯ ಕಂತು. ಮದುವೆ.
ಎಲ್ಲರಿಗೂ ಕ್ಷಮೆ, ಹೇರಾನಳಿಗೂ,
ತುಟಿಯ ಬಣ್ಣ ಒರೆಸಿ ನಿಲ್ಲಿಸಿದ್ದಕ್ಕೆ.
ಮಲ್‌ಸುನ್ ಸಿಪ್ಪೆ ಕೈಯಲ್ಲೇ ಹಿಡಿದು ಕೂತಳು,
ಎಸೆಯಲು ಯಾರೂ ಉಳಿದಿರಲಿಲ್ಲ.
ಕಾರು ಬಂತು.
ಪರದೆಯ ಅಂಚಿನಿಂದ ಬಿಳಿ ಕೈಗವಸಿನ ಒಂದು ಕೈ
ಬಾಗಿಲು ತೆಗೆಯಿತು. ತಲೆ ತಾಗದಿರಲೆಂದು
ಮೇಲಿನ ತಗಡಿಗೆ ಅಂಗೈ ಅಡ್ಡ ಹಿಡಿಯಿತು.
ಅರೆಗಳಿಗೆ, ಅಷ್ಟೇ.

"ಅವನೇ!"
"ಮುಖವೇ ಕಾಣಲಿಲ್ಲವಲ್ಲೇ?"
ಕಣ್ಣಷ್ಟು ಬಿಟ್ಟು ಮುಖಕ್ಕೆಲ್ಲ ಟವೆಲ್ಲು,
ಹುಬ್ಬಿನವರೆಗೆ ಟೋಪಿ, ಶೆಡ್ಡಿನ ತುಂಬ ಆವಿ.
ಮೂವತ್ತು ಚಳಿಗಾಲ ನಿಮ್ಮನ್ನೆಲ್ಲ ನಾನು
ಯಾವುದರಿಂದ ಗುರುತು ಹಿಡಿದೆ ಅಂದುಕೊಂಡಿರಿ?

ಯಾರೂ ಮಾತಾಡಲಿಲ್ಲ.
ನಾಳೆಯಿಂದ ಶುರುವಾಗುವ ಹೊಸ ಧಾರಾವಾಹಿಯಲ್ಲಿ
ಯಾರೋ ಯಾರದೋ ಕೆನ್ನೆಗೆ ಬಾರಿಸಿದರು.
ಒಕ್‌ಬುನ್ ಸದ್ದು ಕಡಿಮೆ ಮಾಡಿ,
ಯಾರೂ ಕೇಳದೆಯೇ ಹೇಳಿದಳು:
"ಆ ಏಳನೇ ಜಾಗದವಳು
ಎಡಚಿ."