ಒಳಗೆ ಒಂದೂವರೆ ಇಂಚು

ಬೋಳಾರದ ನನ್ನ ಅಂಗಡಿಯ ಅಳತೆ ಪುಸ್ತಕದಲ್ಲಿ
ಜಲಜಾಕ್ಷಿ ಪುತ್ರನ್ ಅವರಿಗೆ ಒಂಬತ್ತು ಪುಟ.
ಉಳಿದವರಿಗೆ ಒಂದೇ ಸಾಕು,
ಮದುವೆಗೊಮ್ಮೆ, ಬಾಣಂತನ ಕಳೆದ ಮೇಲೊಮ್ಮೆ
ಗೀಚಿ ತಿದ್ದಿದರೆ ಮುಗಿಯಿತು.

ಮೊದಲ ಪುಟ: ಎದೆ ಐವತ್ತೆರಡು, ತೋಳು ಇಪ್ಪತ್ತೊಂದು.
ಟೇಪನ್ನು ಬೆನ್ನ ಹಿಂದಿನಿಂದ ಸುತ್ತಿ ತರಲು
ನಾನವರನ್ನು ಅಪ್ಪಿಕೊಳ್ಳಬೇಕಿತ್ತು.
"ಜೋರಾಗಿ ಹೇಳಬೇಡ ಮಾರಾಯ್ತಿ, ಬರಿ ಅಷ್ಟೆ."
ಅಂದಿನಿಂದ ಅವರ ಅಂಕಿಗಳು
ಪೆನ್ಸಿಲಿನಿಂದ ಕಾಗದಕ್ಕೆ, ಬಾಯಿಗಿಲ್ಲ.

ಧಕ್ಕೆಯ ಐಸ್ ಪ್ಲಾಂಟಿನಲ್ಲಿ ಲೆಕ್ಕ ಬರೆಯುವವರು.
ಬೆಳಗಿನ ಮೂರೂವರೆಗೆ ಅಲಾರಂ,
ಬೋಟು ಬಂದ ಹೊತ್ತೇ ಊಟದ ಹೊತ್ತು,
ನಿದ್ದೆ ಬಾರದಿರಲಿ ಎಂದು ಗೋಳಿಬಜೆ,
ನಿದ್ದೆ ಬರಲಿ ಎಂದು ಇನ್ನೊಂದು ಪ್ಲೇಟು.

ಆಪರೇಷನ್ ಆಯಿತು.
"ಹೊಟ್ಟೆ ಈಗ ಒಂದು ಕದಳಿ ಬಾಳೆಹಣ್ಣಿನಷ್ಟು" ಎಂದು
ಹೆಬ್ಬೆರಳು ಕಿರುಬೆರಳು ಚಾಚಿ ತೋರಿಸಿದರು.
"ಸುಲಭದ ದಾರಿ" ಎಂದಳಂತೆ ಓರಗಿತ್ತಿ.
ಒಂದು ಮೊಟ್ಟೆ ತಿನ್ನಲು ಅರ್ಧ ಗಂಟೆ,
ತುತ್ತಿಗೆ ಇಪ್ಪತ್ತು ಸಲ ಅಗಿಯುವುದು,
ಊಟದ ನಡುವೆ ನೀರು ಕುಡಿದರೆ ಎದೆಗೆ ಕಲ್ಲು.
ನಾಲ್ಕನೆಯ ತಿಂಗಳಿಗೆ ಕೂದಲು ಉದುರಿ
ಮಲ್ಲಿಗೆ ಮುಡಿದರೆ ನಿಲ್ಲಲಿಲ್ಲ;
ಒಂದು ಮೊಳ ಹೂವನ್ನು
ನನ್ನ ಹೊಲಿಗೆ ಯಂತ್ರಕ್ಕೆ ಸುತ್ತಿ ಹೋದರು.

ಮೂರನೆಯ ಪುಟ: ಮೂವತ್ತಾರು.
ನೀಲಿ ಕುಪ್ಪಸ. ತೋಳು ಉದ್ದ ಬೇಕೆಂದರು,
ಒಣಹಾಕಿದ ಬಲೆಯ ಹಾಗೆ ಚರ್ಮ ಜೋತಿತ್ತು ಅಲ್ಲಿ.
"ಒಳಗೆ ಬಟ್ಟೆ ಬಿಡಬೇಡ, ಕತ್ತರಿಸಿಬಿಡು.
ನಾನಿನ್ನು ಅತ್ತ ಹೋಗುವವಳಲ್ಲ."
ಹೂಂ ಎಂದೆ.
ಒಂದೂವರೆ ಇಂಚು ಮಡಚಿ ಒಳಗೆ ಬಿಟ್ಟೆ.

ಆಮೇಲಿನ ಪುಟಗಳಲ್ಲಿ ಅಂಕಿ ಮೆಲ್ಲನೆ ಹತ್ತಿತು.
ಒಂದೇ ದಿನ ಅಲ್ಲ, ಒಂದೇ ಕಾರಣಕ್ಕೂ ಅಲ್ಲ.
ನೆಹರೂ ಮೈದಾನಿಗೆ ಜೊತೆಯಾಗಿ ನಡೆಯುತ್ತಿದ್ದ ಫಿಲೋಮಿನಾ ಬಾಯಿ
ಮಗಳ ಮನೆಗೆಂದು ಬಜಪೆಗೆ ಹೋದರು.
ಮಳೆಗಾಲದ ಎರಡು ತಿಂಗಳು ಬೋಟು ಇಳಿಯುವಂತಿಲ್ಲ,
ಪ್ಲಾಂಟಿಗೆ ಬೀಗ, ಮನೆಯಲ್ಲಿ ಡಬ್ಬಿಯ ಮುಚ್ಚಳದಷ್ಟು ಮಿಕ್ಸ್ಚರು,
ಮುಚ್ಚಳದಷ್ಟೇ, ಆದರೆ ಗಂಟೆಗೊಮ್ಮೆ.
ಬಂಗುಡೆ ಗಂಟಲಲ್ಲೇ ನಿಲ್ಲುತ್ತದೆ, ಐಸ್‌ಕ್ರೀಂ ಮಾತ್ರ
ಹೇಳದೆ ಕೇಳದೆ ಜಾರಿ ಹೋಗುತ್ತದೆ.
ಕಂಕನಾಡಿಯ ಆಸ್ಪತ್ರೆಯ ಹೊಸ ಹುಡುಗಿ
ತೂಕದ ಯಂತ್ರ ನೋಡಿ "ಯಾಕೆ?" ಎಂದು ಪೆನ್ನು ಹಿಡಿದಳಂತೆ.
ಮತ್ತೆರಡು ವರ್ಷ ಅತ್ತ ಹೋಗಲಿಲ್ಲ;
ಬಿ ಹನ್ನೆರಡರ ಇಂಜೆಕ್ಷನ್ನೂ ಇಲ್ಲ, ಕಾಲು ಜೋಮು.
"ಹೊಟ್ಟೆ ಕತ್ತರಿಸಿದರು, ಆ ಮೂರೂವರೆಯ ಅಲಾರಮನ್ನು
ಯಾರೂ ಕತ್ತರಿಸಲಿಲ್ಲ ನೋಡು."

ನಿನ್ನೆ ಬಂದರು, ನೀಲಿ ಕುಪ್ಪಸ ಹಿಡಿದು.
ಈಗ ಡ್ಯೂಟಿ ಹಗಲಿಗೆ ಹಾಕಿಸಿಕೊಂಡಿದ್ದಾರೆ,
ಆಸ್ಪತ್ರೆಗೂ ಹೋಗಿ ಬಂದರಂತೆ, ಬೈಯಲಿಲ್ಲವಂತೆ.
"ಎಲ್ಲರೂ ಮೂವತ್ತಾರನ್ನೇ ನೆನಪಿಟ್ಟಿದ್ದಾರೆ" ಎಂದರು.
ನಾನು ಮೊದಲ ಪುಟ ತಿರುವಿ
ಏನೂ ಹೇಳದೆ ಮೇಜಿನ ಮೇಲಿಟ್ಟೆ.

ಬಗಲಿನ ಹೊಲಿಗೆ ಬಿಚ್ಚಿದೆ.
ಒಳಗಿನ ಬಟ್ಟೆ ಕಡುನೀಲಿ, ಬಿಸಿಲು ಕಾಣದ್ದು,
ಹೊರಗಿನದು ಮಾಸಿದೆ;
ನಡುವೆ ಒಂದು ಸಾಲು ಸೂಜಿತೂತು.
ಬೆರಳಾಡಿಸಿ ಕೇಳಿದರು: "ಬಿಡಬೇಡ ಎಂದಿದ್ದೆನಲ್ಲ?"
"ಎಲ್ಲರಿಗೂ ಬಿಡುತ್ತೇನೆ" ಎಂದೆ. ಸುಳ್ಳು.

ಟೇಪು ಈಗ ಅಪ್ಪಿಕೊಳ್ಳದೆಯೇ ಸುತ್ತಿ ಬರುತ್ತದೆ.
"ಎಷ್ಟು? ಜೋರಾಗಿಯೇ ಹೇಳು."
"ನಲವತ್ತು."
ಪೆನ್ಸಿಲು ನನ್ನ ಕಿವಿಯಿಂದ ಎಳೆದುಕೊಂಡು
ಒಂಬತ್ತನೆಯ ಪುಟದಲ್ಲಿ ತಾವೇ ಬರೆದರು,
ಐಸಿನ ಟನ್ನು ಬರೆಯುವ ಅದೇ ದುಂಡು ಅಕ್ಷರ.
ಮತ್ತೆ ಹಿಂದಿನ ಪುಟಗಳನ್ನು ಒಂದೊಂದಾಗಿ ಮಗುಚಿ
"ಒಂದರಲ್ಲೂ ತಾರೀಕಿಲ್ಲ, ಇದೆಂತ ಲೆಕ್ಕ ಮಾರಾಯ್ತಿ!"
ಎಂದು ನನಗೇ ಬೈದರು.