ಆರನೇ ಸಲ ನೀರು

ಮಾಮೂಲಿ ದಿನಗಳಲ್ಲಾದರೆ ಸಮಬಲಕ್ಕೊಂದು ಅಡ್ಡದಾರಿಯಿತ್ತು:
ಐದು ನಿಮಿಷ ಓಡು, ಆಮೇಲೆ ಒಬ್ಬೊಬ್ಬನೇ ಬಂದು ಹೊಡಿ,
ಲೆಕ್ಕ ಚುಕ್ತಾ, ಮನೆಗೆ ನಡಿ.
ಪ್ಲೇಆಫ್‌ನಲ್ಲಿ ಆ ದಾಕ್ಷಿಣ್ಯವಿಲ್ಲ.
ಇಪ್ಪತ್ತು ನಿಮಿಷ. ಮುಗಿಯದಿದ್ದರೆ ಇನ್ನಿಪ್ಪತ್ತು.
ಯಾರಾದರೂ ಒಂದು ಹೊಡೆಯುವ ತನಕ.

ನಾನು ಆನ್ಸೆಲ್ಮ್ ಕಾರ್ಮಿಯೆ, ಮಾಂಕ್ಟನ್ನಿನ ಈ ಅಂಗಳದಲ್ಲಿ
ಐಸ್ ನುಣುಪು ಮಾಡುವ ಗಾಡಿಯವನು.
ಐದು ಸಲ ಒರೆಸಿಕೊಟ್ಟಿದ್ದೇನೆ ಅವರ ಗೀರುಗಳನ್ನು,
ಮಗ್ಗಿ ತಪ್ಪಿದ ಸ್ಲೇಟು ಒರೆಸಿದ ಹಾಗೆ.
ಮೇಲೆ ಹಲಗೆಯಲ್ಲಿ ಮಾತ್ರ ಅಲ್ಲಾಡದ ಎರಡು-ಎರಡು.

ರಾತ್ರಿ ಹನ್ನೆರಡೂಮುಕ್ಕಾಲು. ಪಾಪ್‌ಕಾರ್ನ್ ತೀರಿದೆ.
ಅಪ್ಪನ ಕೋಟಿನೊಳಗೆ ಮಗುವೊಂದಕ್ಕೆ ನಿದ್ದೆ.
ಗೋಲ್‌ಕೀಪರ್ ಹಕಾಲಾ ಸೌತೆ ಉಪ್ಪಿನಕಾಯಿಯ ನೀರು ಕುಡಿಯುತ್ತಾನೆ,
ಮೀನಖಂಡ ಹಿಡಿಯದಿರಲೆಂದು.
ಮೊದಮೊದಲು ಗೆಲ್ಲಲು ಓಡುತ್ತಿದ್ದರು,
ಈಗ ಬೆಂಚು ಮುಟ್ಟಲು.

ಹಿಂದಿನ ಕೋಣೆಯಲ್ಲಿ ತೊಟ್ಟಿಗೆ ನೀರು ಬಿಡುತ್ತಿದ್ದೆ
(ಬಿಸಿಯೇ ಬೇಕು, ಹಳೆಯ ಗೀರನ್ನು ಕರಗಿಸಿ ಕೂಡಿಕೊಳ್ಳಲು).
ಗದ್ದಲ ನಿಂತುಹೋಯಿತು.
ಆರು ಸಾವಿರ ಬಾಯಿ ಒಟ್ಟಿಗೆ ಮುಚ್ಚಿದರೆ
ನಲ್ಲಿಯ ಸದ್ದು ಎಷ್ಟು ದೊಡ್ಡದು!
ಅದರಾಚೆ ಇಪ್ಪತ್ತು ಗಂಡಸರ ಕೇಕೆ,
ನಮ್ಮವರದಲ್ಲ.

ಆಮೇಲೆ ಹೇಳಿದರು: ಯಾರೂ ಗುರಿಯಿಟ್ಟದ್ದಲ್ಲವಂತೆ,
ನಮ್ಮ ಥೆರಿಯೊನ ಹಿಮ್ಮಡಿಗೇ ತಾಗಿ ತಿರುಗಿತಂತೆ ಪಕ್.
ಗೋಲಿನೆದುರಿಂದ ಬೆಂಚಿನತ್ತ
ಅರ್ಧ ತಿರುಗಿದ್ದನಷ್ಟೆ.

ತೊಟ್ಟಿ ತುಂಬಿತ್ತು. ಬೆಳಿಗ್ಗೆ ಆರಕ್ಕೆ
ಎಂಟು ವರ್ಷದ ಹುಡುಗಿಯರ ಅಭ್ಯಾಸ.
ಗಾಡಿ ಹತ್ತಿದೆ.
ಗೋಲಿನ ಮುಂದಿತ್ತು ಆ ಅರ್ಧ ತಿರುವು, ಆಳದ ಗೀರು.
ಮೊದಲ ಸುತ್ತಿನಲ್ಲಿ ಅದನ್ನು ಬಳಸಿ ಹೋದೆ.
ಎರಡನೆಯದರಲ್ಲಿ ಒರೆಸಿದೆ.