ರೀಡಿಂಗ್

ತಿಂಗಳ ಮೊದಲ ಹದಿನೈದು ದಿನ ನಾನು ಓದುವುದು ಮೀಟರು.
ಚಿತ್ರದುರ್ಗದ ದೊಡ್ಡಪೇಟೆ, ಚಿಕ್ಕಪೇಟೆ,
ಕೋಟೆಗೆ ಬೆನ್ನು ಕೊಟ್ಟು ಕೂತ ಸಂದಿಗಳು.
ಕೈಯಲ್ಲಿ ಬಿಲ್ಲಿನ ಮಿಷಿನ್ನು,
ಹೆಗಲ ಚೀಲದಲ್ಲಿ ನೀರು, ಪೇಪರ್ ರೋಲು,
ನಾಯಿಗಳಿಗೆ ಅಂತ ಬಿಸ್ಕತ್ತು,
ಅದರಡಿ ಯಾವುದಾದರೊಂದು ಪುಸ್ತಕ.
ಐಡಿ ಕಾರ್ಡಿನಲ್ಲಿ 'ಮೀಟರ್ ರೀಡರ್' ಅಂತಿದೆ.
ಅರ್ಧ ಸರಿ.

ಹೋದ ತಿಂಗಳು ಓದಿದ ಕಾದಂಬರಿಯಲ್ಲಿ
ಇನ್ನೂರು ಪುಟ ಮಳೆ.
ಮದುವೆಗೆ ಮಳೆ, ಹೆಣ ಎತ್ತುವಾಗ ಮಳೆ,
ಇಬ್ಬರು ಸುಮ್ಮನೆ ಮಾತಾಡುತ್ತ ಕೂತರೂ ನಡುವೆ ಮಳೆ.
ನಾನದನ್ನು ಓದಿದ್ದು ಏಪ್ರಿಲ್ಲಿನಲ್ಲಿ,
ಸಬ್‌ಸ್ಟೇಷನ್ನಿನ ಹುಣಸೆಮರದ ಕೆಳಗೆ,
ಬಂಡೆಗಳು ರೊಟ್ಟಿ ಹೆಂಚಿನಂತೆ ಕಾದಿದ್ದಾಗ.
ದೂರ ಜೋಗಿಮಟ್ಟಿ ಕಡೆ ಗಾಳಿಫ್ಯಾನುಗಳು
ತಿರುಗಲೋ ಬೇಡವೋ ಅಂತ ಯೋಚಿಸುತ್ತಿದ್ದವು.
ನೂರೆಂಬತ್ತನೇ ಪುಟದ ಹೊತ್ತಿಗೆ ನನಗೆ ನೆಗಡಿಯಾಯಿತು.
ಗಂಗಾಂಬಿಕೆ ನಂಬಲಿಲ್ಲ,
"ಎಲ್ಲೋ ಐಸ್ ನೀರು ಕುಡಿದಿರ್ತೀರಿ" ಅಂದಳು.
ಅದೂ ನಿಜ.

ಆಮೇಲೆ ಒಂದು ತೆಳ್ಳನೆ ಕಥಾಸಂಕಲನ, ಹೊಸ ಹುಡುಗಿಯದು.
ಎಲ್ಲ ಕಥೆಯೂ ಒಂದು ಪುಟ ಮೊದಲೇ ಮುಗಿಯುತ್ತವೆ.
ಹಾಳೆ ಕಿತ್ತುಹೋಗಿದೆಯೇನೋ ಅಂತ ಹೊಲಿಗೆ ತಡವಿ ನೋಡಿದೆ.
ಇಲ್ಲ, ಒಲೆ ಮೇಲೆ ಹಾಲಿಟ್ಟದ್ದು ನೆನಪಾದವಳ ಹಾಗೆ
ಅವಳೇ ಎದ್ದು ಹೋಗಿದ್ದಾಳೆ.
ಸಿಟ್ಟು ಬಂತು.
ಈಗ ರೇಷನ್ ಕ್ಯೂನಲ್ಲಿ, ಹೊಳಲ್ಕೆರೆ ಬಸ್ಸಿನಲ್ಲಿ
ಅವಳ ಕಥೆಗಳನ್ನು ನಾನು ಮುಗಿಸುತ್ತಿರುತ್ತೇನೆ,
ಅಷ್ಟೇನೂ ಚೆನ್ನಾಗಿ ಅಲ್ಲ.

ಮೂರನೆಯದು ಇಂಜಿನಿಯರ್ ಪಾಲಯ್ಯನವರ ಆತ್ಮಕಥೆ.
ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿ
ಬಿಲ್ಲು ಕೊಡಲು ಹೋದವನ ಕೈಗೂ ಒಂದು ಕೊಟ್ಟಿದ್ದರು.
ಕಟ್ಟಿದ ಮೋರಿ, ಕಟ್ಟಿದ ಸೇತುವೆ,
ಸಿಮೆಂಟು ಎಷ್ಟು ಮೂಟೆ, ಮರಳು ಎಷ್ಟು ಗಾಡಿ.
ಆಕಳಿಸುತ್ತ ಪುಟ ಹಾರಿಸುತ್ತಿದ್ದೆ.
ಒಂದು ಕಡೆ, ಪಟ್ಟಿಯ ನಡುವೆ, ಒಂದೇ ಸಾಲು:
"ಮಗಳು ಹೋದ ಆ ವರ್ಷ ನಾನು ಯಾವ ಕಾಮಗಾರಿಯನ್ನೂ ಒಪ್ಪಿಕೊಳ್ಳಲಿಲ್ಲ."
ಮುಂದಿನ ಸಾಲಿನಲ್ಲಿ ಮತ್ತೆ ಮೋರಿ.
ಹಾರಿಸಿದ ಪುಟಗಳಿಗೆಲ್ಲ ಹಿಂದಿರುಗಿದೆ.

ಜೈತುನಬಿಯವರ ಮನೆ ಸಂದಿಯ ತುದಿಗೆ.
ಚಳ್ಳಕೆರೆಯ ಎಣ್ಣೆಮಿಲ್ಲಿನಲ್ಲಿ
ಇಪ್ಪತ್ತೆರಡು ವರ್ಷ ಲೆಕ್ಕ ಬರೆದವರು.
ಒಂದು ಬಲ್ಬು, ಒಂದು ಟೀವಿ, ಫ್ಯಾನು ಕೆಟ್ಟು ಎರಡು ವರ್ಷ.
ತಿಂಗಳಿಗೆ ಹನ್ನೊಂದು ಯೂನಿಟ್ಟು. ಪ್ರತಿ ಸಲವೂ ಹನ್ನೊಂದು.
ಈ ಸಲ ಹದಿಮೂರು.

ಉಚಿತ ಯೋಜನೆ, ಹೇಗೂ ಬಿಲ್ಲು ಸೊನ್ನೆ,
ಯಾರೂ ಕೇಳುವುದಿಲ್ಲ.
ಆದರೂ ಮೆಟ್ಟಿಲ ಮೇಲೆ ನಿಂತು ಲೆಕ್ಕ ಹಾಕಿದೆ.
ಒಂಬತ್ತು ವ್ಯಾಟಿನ ಬಲ್ಬು,
ರಾತ್ರಿಗೆ ಏಳೂವರೆ ಗಂಟೆ ಹೆಚ್ಚಿಗೆ ಉರಿದರೆ
ತಿಂಗಳಿಗೆ ಎರಡು ಯೂನಿಟ್ಟು.
ಆಗ ನೆನಪಾಯಿತು,
ನನ್ನ ಚೀಲದಿಂದ ಇಣುಕಿದ್ದ ಮಳೆ ಕಾದಂಬರಿಯನ್ನು
ಅಡವಿಗೆ ಒಂದು ಡಬ್ಬಿ ಕಡ್ಲೆಮಿಠಾಯಿ ಇಟ್ಟು
ಇಸಿದುಕೊಂಡದ್ದು ಇವರೇ.

"ಓದಿದ್ರಾ?"
"ಎಲ್ಲಿ ಓದ್ತೀನಪ್ಪಾ, ಕಣ್ಣು ಕಾಣಲ್ಲ" ಅಂದರು.
ಒಳಗೆ ಹೋಗಿ ಪುಸ್ತಕ ತಂದರು.
ಕೊನೆಯ ಖಾಲಿ ಹಾಳೆಯಲ್ಲಿ ಪೆನ್ಸಿಲಿನ ಜಮಾ-ಖರ್ಚು.
"ನೋಡು, ನೂರಾಹತ್ತರಲ್ಲಿ ಭತ್ತ ಹನ್ನೆರಡು ಚೀಲ,
ನೂರಾಅರವತ್ತರಲ್ಲಿ ಹತ್ತೊಂಬತ್ತು.
ನಡುವೆ ಒಬ್ಬರಾದರೂ ಗದ್ದೆಗೆ ಇಳಿದಿದ್ದಾರಾ?
ಬರೇ ಕಿಟಕಿ ಹತ್ರ ನಿಂತು ಅಳ್ತಾರೆ.
ಏಳು ಚೀಲ ಎಲ್ಲಿಂದ ಬಂತು?"

ನನಗೆ ಗೊತ್ತಿರಲಿಲ್ಲ.
ನೂರಾಹತ್ತನೇ ಪುಟದಲ್ಲಿ ನಾನು ಮಳೆ ನೋಡುತ್ತಿದ್ದೆ.

ಮಿಷಿನ್ನು ಗರ್ರ್ ಎಂದು ಸೊನ್ನೆಯ ಚೀಟಿ ಉಗುಳಿತು.
ಹರಿದು ಕೊಟ್ಟೆ.
ಜೊತೆಗೆ ಪಾಲಯ್ಯನವರ ಪುಸ್ತಕ.
ಆ ಸಾಲಿನ ವಿಷಯ ಹೇಳಲಿಲ್ಲ.
ಸಿಮೆಂಟು, ಮರಳು, ಮೂಟೆ ಅಂತ ಕೂಡಿಸುತ್ತ ಹೋದವರು
ಅಲ್ಲಿ ನಿಲ್ಲುತ್ತಾರೋ,
ಇಲ್ಲ ಅದನ್ನೂ ಯಾವುದಾದರೂ ಬಾಬ್ತಿಗೆ ಬರೆದುಕೊಳ್ಳುತ್ತಾರೋ,
ಮುಂದಿನ ರೀಡಿಂಗಿಗೇ ಗೊತ್ತಾಗಬೇಕು.

ಪಕ್ಕದ ಮನೆಯ ನಾಯಿ ಆಗಲೇ ಶುರುಮಾಡಿತ್ತು.
ಚೀಲದಲ್ಲಿ ಉಳಿದಿದ್ದು ಅರ್ಧ ಬಿಸ್ಕತ್ತು.